ಮಾಧ್ಯಮಿಕ ವಯಸ್ಸಿನ ಓದುಗನೂ ಕನ್ನಡ ಕಾದಂಬರಿಯೂ

೧

ಕನ್ನಡದಲ್ಲಿ ಮಕ್ಕಳ ಸಾಹಿತ್ಯದ ವಿಚಾರ ಬಂದಾಗ ವಿಮರ್ಶಕರ ಗಮನ ಸಾಮಾನ್ಯವಾಗಿ ಶಿಶುಗೀತೆಗಳ ಕಡೆಗೂ ಸಣ್ಣ ಕಥೆಗಳ ಕಡೆಗೂ ಹರಿಯುತ್ತದೆ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ, ದಿನಕರ ದೇಸಾಯಿ ಮೊದಲಾದವರು ಈ ಕ್ಷೇತ್ರದಲ್ಲಿ ಮಾಡಿದ ಕೆಲಸ ಹಿರಿದಾದುದರಿಂದ ಇದು ಸಹಜವೇ ಆಗಿದೆ. ಕಾದಂಬರಿಯ ವಿಚಾರ ಬಂದಾಗಲಾದರೋ ನಾವು ಕಣ್ಣಮುಂದೆ ಇಟ್ಟುಕೊಳ್ಳುವುದು ಪ್ರಾಯಕ್ಕೆ ಬಂದ ಓದುಗನನ್ನು. ಈ ಇಬ್ಬರ ನಡುವೆ ಮತ್ತೊಬ್ಬ ಓದುಗನಿದ್ದಾನೆ. ಅವನು, ಅಥವಾ ಅವಳು, ೧೧ರಿಂದ ೧೪ ವರ್ಷದೊಳಗಿನ, ಆರು, ಏಳು, ಎಂಟನೆಯ ತರಗತಿಗಳಲ್ಲಿ ಕಲಿಯುತ್ತಿರುವ ವಿದ್ಯಾರ್ಥಿ. ಪ್ರಾಸದ ಪದ್ಯ ಇವನಿಗೆ ಸಾಲದಾಗಿದೆ. ಹಿರಿಯರ ಕಾದಂಬರಿ ಇನ್ನೂ ಕೈಗೆಟುಕಿಲ್ಲ. ಓದಿನ ಅಭ್ಯಾಸ ಬೇರೂರುವುದೂ ಬಾಡಿಹೋಗುವುದೂ ಈ ಮೂರು ವರ್ಷಗಳಲ್ಲಿಯೇ. ಇವನ ಕೈಗೆ ಯಾವ ಕಾದಂಬರಿಗಳನ್ನು ಕೊಡತಕ್ಕದ್ದು, ಯಾವ ತತ್ತ್ವದ ಮೇಲೆ ಅವನ್ನು ಆಯತಕ್ಕದ್ದು ಎಂಬುದು ಪ್ರಕೃತ ಲೇಖನದ ವಿಷಯ.

ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ಮೊದಲಾಗಿ ನಮ್ಮ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲವೊಂದು ಬೆಳೆದಿದೆ. ೨೦೧೯ರಲ್ಲಿ ಗ್ರಾಮಪಂಚಾಯತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಸೇರಿದುವು. ೨೦೨೦ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಶುಲ್ಕವಿಲ್ಲದೆ ಅವುಗಳ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ಆರಂಭವಾಯಿತು. ಬಾಗಿಲು ತೆರೆದಿದೆ. ಒಳಗೆ ಕಪಾಟಿನಲ್ಲಿ ಏನಿರಬೇಕು ಎಂಬುದಕ್ಕೆ ಉತ್ತರ ಹೇಳಬೇಕಾದವರು ಸಾಹಿತ್ಯದ ಅಧ್ಯಾಪಕರು. ಆ ಉತ್ತರ ನಮ್ಮಿಂದ ಬರದಿದ್ದರೆ ಅದನ್ನು ಪುಸ್ತಕದ ಬೆಲೆಯೂ ಸರಬರಾಜಿನ ಅನುಕೂಲವೂ ನಿರ್ಧರಿಸುತ್ತವೆ.

ಪಟ್ಟಿ ಎಂಬುದು ನಾಡಿಗೆಲ್ಲ ಒಂದೇ ಆಗಿ ತಯಾರಾದರೂ ಕೊನೆಗೆ ಅದು ಸೇರುವುದು ಯಾವುದೋ ಒಂದು ಊರಿನ ಕಪಾಟನ್ನು. ಆದಕಾರಣ ನಮ್ಮ ವಿಚಾರಕ್ಕೆ ಒಂದು ಊರನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಲೇಸು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಅಂಥ ಊರು. ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನಲ್ಲಿರುವ ಈ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ಲಂಬಾಣಿ ಮಾತುಗಳಿವೆ. ಸಿದ್ದಿ ಜನರ ಕೊಂಕಣಿಬೆರೆತ ನುಡಿ ಇದೆ. ೧೯೬೬ರಲ್ಲಿ ನೆಲೆಗೊಂಡ ಟಿಬೇಟಿನ ನಿರಾಶ್ರಿತರ ವಸತಿ ಇದೆ. ಕಾಡು, ಕೆರೆ, ಗದ್ದೆ, ಅತ್ತಿವೇರಿಯ ಪಕ್ಷಿಧಾಮ ಇವೆಲ್ಲ ಇಲ್ಲಿಯ ಮಗುವಿನ ನಿತ್ಯದ ಪ್ರಪಂಚ. ಇಂಥ ಮಗುವಿಗೆ ಒಪ್ಪುವ ಪಟ್ಟಿ ನಾಡಿನ ಬೇರೆ ಮಕ್ಕಳಿಗೂ ಬಹುಮಟ್ಟಿಗೆ ಒಪ್ಪೀತು. ನಗರದ ಮಗುವನ್ನು ಮಾತ್ರ ಗಮನಿಸಿ ಮಾಡಿದ ಪಟ್ಟಿ ಇಲ್ಲಿಗೆ ಒಪ್ಪುವುದೆಂಬ ಭರವಸೆ ಇಲ್ಲ.

೨

ಎಳೆಯರಿಗಾಗಿ ಗ್ರಂಥವನ್ನು ವಿಧಿಸುವ ಪದ್ಧತಿ ಹಳೆಯದು. ವಿಷ್ಣುಶರ್ಮನು ಬುದ್ಧಿ ಮಂದವಾದ ರಾಜಕುಮಾರರನ್ನು ಕಥೆಗಳಿಂದಲೇ ತಿದ್ದಿದನೆಂಬುದು ಪಂಚತಂತ್ರದ ಕಟ್ಟು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದನು. ಈ ಗ್ರಂಥದಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಕಥೆಯೊಳಗೆ ಕಥೆ, ಅದರೊಳಗೆ ಮತ್ತೊಂದು ಎಂದು ಹೆಣೆಯುವಾಗ ಕೇಳುವ ಬಾಲಕರ ಧಾರಣಶಕ್ತಿಯಲ್ಲಿ ಕರ್ತೃ ಪೂರ್ಣ ನಂಬಿಕೆ ಇಟ್ಟಿದ್ದಾನೆ. ಪ್ರತಿಯೊಂದು ಕಥೆಯ ಕೊನೆಗೆ ನೀತಿಯನ್ನು ಬಿಡಿಸಿ ಹೇಳುವಾಗ ಅದೇ ಬಾಲಕರ ವಿವೇಕದಲ್ಲಿ ಅಷ್ಟು ನಂಬಿಕೆ ಇಡಲಿಲ್ಲ. ನಮ್ಮ ಮಕ್ಕಳ ಪುಸ್ತಕಗಳು ಈ ಎರಡನೆಯ ಗುಣವನ್ನು ಉಳಿಸಿಕೊಂಡು ಮೊದಲನೆಯದನ್ನು ಬಿಟ್ಟುಕೊಟ್ಟಿರುವುದು ವಿಷಾದದ ಸಂಗತಿ.

ಪಶ್ಚಿಮದಲ್ಲಿ ರೂಸೋ ೧೭೬೨ರ ತನ್ನ 'ಎಮಿಲ್' ಗ್ರಂಥದಲ್ಲಿ ತನ್ನ ಶಿಷ್ಯನಿಗೆ ಬಹುಕಾಲ ಒಂದೇ ಪುಸ್ತಕ ಸಾಕೆಂದು ಹೇಳಿ, ಡೆಫೋ ೧೭೧೯ರಲ್ಲಿ ಪ್ರಕಟಿಸಿದ್ದ 'ರಾಬಿನ್ಸನ್ ಕ್ರೂಸೋ'ವನ್ನು ಆರಿಸಿದನು. ಆ ಕಾದಂಬರಿ ಮಕ್ಕಳಿಗೆಂದು ಬರೆದುದಲ್ಲ. ನಿರ್ಜನ ದ್ವೀಪದಲ್ಲಿ ಒಬ್ಬನು ತನ್ನ ಕೈಯಿಂದಲೇ ಬದುಕು ಕಟ್ಟಿಕೊಳ್ಳುವ ವ್ಯಾಪಾರ ಬೆಳೆಯುವ ಹುಡುಗನಿಗೆ ತಕ್ಕುದೆಂದು ಅವನ ನಿರ್ಣಯ. ಈ ನಿರ್ಣಯದ ಹಿಂದಿರುವ ತತ್ತ್ವ ನಮಗೆ ಮುಖ್ಯ. ಪುಸ್ತಕ ಯಾರಿಗಾಗಿ ಬರೆಯಲ್ಪಟ್ಟಿತು ಎಂಬುದು ಬೇರೆ. ಯಾರಿಗೆ ಉಚಿತವಾದುದು ಎಂಬುದು ಬೇರೆ. ಮಕ್ಕಳಿಗೆಂದೇ ಬರೆದ ಕಾದಂಬರಿ ಅವರಿಗೆ ಅನುಚಿತವಾಗಬಹುದು. ಹಿರಿಯರ ಕಾದಂಬರಿಯೊಂದು ಅವರಿಗೆ ಅತ್ಯಂತ ಉಚಿತವಾಗಬಹುದು.

'ಉಚಿತ' ಎಂಬ ಮಾತನ್ನು ಇಲ್ಲಿ ಕ್ಷೇಮೇಂದ್ರನು ಬಳಕೆಗೆ ತಂದ ಔಚಿತ್ಯದ ಅರ್ಥದಲ್ಲಿಯೇ ತೆಗೆದುಕೊಳ್ಳಬಹುದು. ಅವನು ಪದ, ರಸ, ಅಲಂಕಾರ ಮೊದಲಾದವುಗಳ ಔಚಿತ್ಯವನ್ನು ಹೇಳಿದನು; ಅದಕ್ಕೆ ಓದುಗನ ವಯಸ್ಸಿನ ಔಚಿತ್ಯವನ್ನು ನಾವು ಸೇರಿಸಿಕೊಳ್ಳಬೇಕಾಗಿದೆ. ಹಾಗೆಯೇ ಮಮ್ಮಟನು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಂಮಿತ. ಗೆಳೆಯನಂತೆ ತಿಳಿಯಹೇಳುವುದು ಸುಹೃತ್ಸಂಮಿತ. ಕಾಂತೆಯಂತೆ ಸರಸತೆಯಿಂದ ಒಲಿಸಿಕೊಳ್ಳುವುದು ಕಾಂತಾಸಂಮಿತ. ಕಾವ್ಯದ ಉಪದೇಶ ಮೂರನೆಯ ಬಗೆಯದೆಂಬುದು ಅಲಂಕಾರಿಕರ ಸಿದ್ಧಾಂತ. ಹನ್ನೆರಡು ವರ್ಷದ ಓದುಗನಿಗೆ ಮೊದಲನೆಯ ಬಗೆಯ ಉಪದೇಶ ಮನೆಯಲ್ಲಿಯೂ ಶಾಲೆಯಲ್ಲಿಯೂ ಯಥೇಷ್ಟವಾಗಿ ದೊರೆಯುತ್ತದೆ. ಮೂರನೆಯದರ ಸೂಕ್ಷ್ಮತೆಗೆ ಅವನು ಇನ್ನೂ ಹೊಸಬ. ಎರಡನೆಯದೇ ಅವನ ಸೇತುವೆ. ಜೊತೆಯಲ್ಲಿ ನಡೆಯುತ್ತ, ಕಂಡದ್ದನ್ನು ಕಂಡಂತೆ ಹೇಳುತ್ತ, ತೀರ್ಪನ್ನು ಅವನಿಗೇ ಬಿಡುವ ಕಾದಂಬರಿಯಿಂದ ಅವನು ಕಾವ್ಯದ ಕಡೆಗೆ ದಾಟುತ್ತಾನೆ.

ಇಷ್ಟಕ್ಕೂ ಈ ವಯಸ್ಸಿನ ವಿಶೇಷವೇನು? ಹಿರಿಯರ ಲೋಕ ತಾನು ನಂಬಿದ್ದಷ್ಟು ಅಖಂಡವಾದುದಲ್ಲ ಎಂಬ ಅರಿವು ಮಗುವಿಗೆ ಮೊದಲು ಮೂಡುವುದು ಈಗಲೇ. ತಂದೆಗೆ ಸಾಲವಿದೆ, ತಾಯಿಗೆ ಹೇಳಿಕೊಳ್ಳಲಾಗದ ದುಃಖವಿದೆ, ಊರಿನ ನ್ಯಾಯ ಎಲ್ಲರಿಗೂ ಒಂದೇ ಅಲ್ಲ ಎಂಬುದು ತಾನಾಗಿ ಕಣ್ಣಿಗೆ ಬೀಳತೊಡಗುತ್ತದೆ. ಮಗುವಿಗೆ ಸಿಕ್ಕಿದ ಈ ಅರಿವನ್ನು ಮುಚ್ಚಿಡುವ ಪುಸ್ತಕ ಅದಕ್ಕೆ ಸುಳ್ಳಾಗಿ ತೋರುತ್ತದೆ. ಅದನ್ನು ತಕ್ಷಣವೇ ಸಮಾಧಾನಪಡಿಸಹೊರಡುವ ಪುಸ್ತಕ ಹಿರಿಯರ ಉಪಾಯವಾಗಿ ತೋರುತ್ತದೆ. ಈ ಅರಿವಿನ ಬಳಿ ಮಗುವನ್ನು ಒಂಟಿಯಾಗಿ ಬಿಡದೆ, ಅವಸರವಿಲ್ಲದೆ ಅದರ ಪಕ್ಕದಲ್ಲಿ ನಿಲ್ಲಬಲ್ಲ ಕಾದಂಬರಿಯೇ ಮಾಧ್ಯಮಿಕ ವಯಸ್ಸಿಗೆ ಉಚಿತವಾದುದೆಂಬುದು ನಮ್ಮ ಪ್ರತಿಪಾದನೆ. ಇದನ್ನು ಕೆಲವು ಕೃತಿಗಳ ಮೂಲಕ ಪರೀಕ್ಷಿಸಿ ನೋಡೋಣ.

೩

ಪಂಜೆಯವರು ೧೯೨೪ರಲ್ಲಿ ಪ್ರಕಟಿಸಿದ 'ಕೋಟಿ ಚೆನ್ನಯ' ಕಾದಂಬರಿ ಎನ್ನುವುದಕ್ಕಿಂತ ನೀಳ್ಗತೆ ಎನಿಸಿಕೊಳ್ಳತಕ್ಕದ್ದು. ಆದರೂ ದೀರ್ಘವಾದ ಗದ್ಯಕಥನದ ರುಚಿಯನ್ನು ಮೊದಲು ಹತ್ತಿಸುವುದಕ್ಕೆ ಅದು ಯೋಗ್ಯವಾದುದು. ತುಳುನಾಡಿನ ಪಾಡ್ದನದ ಈ ಅವಳಿ ವೀರರು ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡು ಬೆಳೆದವರು. ಬುದ್ಧಿವಂತನೊಡನೆ ಅವರ ವೈರ ಗದ್ದೆಯ ನೆರೆಯಿಂದ ಹುಟ್ಟಿದುದು. ಚಿಗಳ್ಳಿಯ ರೈತನ ಮಗನಿಗೆ ಗದ್ದೆಗೆ ನೀರು ಬಿಡುವ ಜಗಳದ ಅರ್ಥವನ್ನು ಟಿಪ್ಪಣಿಯಲ್ಲಿ ವಿವರಿಸಬೇಕಾಗಿಲ್ಲ. ವೀರರಸವೊಂದೇ ಇಲ್ಲಿದ್ದರೆ ಇದನ್ನು ಬೇರೆ ಸಾಹಸಕಥೆಗಳ ಸಾಲಿಗೆ ಸೇರಿಸಿಬಿಡಬಹುದಾಗಿತ್ತು. ಆದರೆ ಆಡಿದ ಮಾತನ್ನು ದೊಡ್ಡವರು ಉಳಿಸಿಕೊಳ್ಳದಿದ್ದರೆ ಚಿಕ್ಕವರು ಏನು ಮಾಡಬೇಕೆಂಬ ಪ್ರಶ್ನೆ ಕಥೆಯ ಬೆನ್ನೆಲುಬಾಗಿದೆ. ಅಣ್ಣನ ಮರಣದೊಡನೆ ತಮ್ಮನೂ ಪ್ರಾಣ ಬಿಡುವ ಮುಕ್ತಾಯ ಅದಕ್ಕೆ ಸುಲಭವಾದ ಉತ್ತರವನ್ನು ಕೊಡುವುದಿಲ್ಲ. ಪಂಜೆಯವರು ಸ್ವತಃ ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಮಕ್ಕಳನ್ನು ಬಲ್ಲವರು. ಅವರು ಸಾವನ್ನು ಮಕ್ಕಳಿಂದ ಮರೆಮಾಚಲಿಲ್ಲ ಎಂಬುದನ್ನು ಪಟ್ಟಿ ಮಾಡುವವರು ಗಮನಿಸಬೇಕು.

ಶಿವರಾಮ ಕಾರಂತರ 'ಬೆಟ್ಟದ ಜೀವ' (೧೯೪೩) ಈ ವಯಸ್ಸಿನವರಿಗೆ ಕೊಡಬಹುದಾದ ಕನ್ನಡ ಕಾದಂಬರಿಗಳಲ್ಲಿ ಶ್ರೇಷ್ಠವಾದುದೆಂದು ನಾವು ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಅದರಲ್ಲಿ ಬಾಲನಾಯಕನಿಲ್ಲ, ನಾಯಕ ಮುದುಕ. ಕಥೆಯ ಘಟನೆಗಳೂ ವಿರಳ. ಆದರೂ ಕೃತಿಯ ಕಟ್ಟನ್ನು ನೋಡಿರಿ. ಅಪರಿಚಿತ ಕಾಡಿನಲ್ಲಿ ದಾರಿ ತಪ್ಪಿ, ಕತ್ತಲಾದ ಮೇಲೆ ಅಪರಿಚಿತರ ಮನೆಯನ್ನು ಸೇರುವ ನಿರೂಪಕನಿಂದ ಕಥೆ ತೊಡಗುತ್ತದೆ. ಆ ಮನೆಯ ಗೋಪಾಲಯ್ಯ, ಶಂಕರಮ್ಮ ದಂಪತಿಗಳ ಆದರ ಅವನನ್ನು ಸುತ್ತುವರಿಯುತ್ತದೆ. ಈ ಆದರದ ಅಡಿಯಲ್ಲಿ ಏನೋ ಒಂದು ನೋವು ಇದೆಯೆಂಬುದು ಅವನಿಗೆ ಮೆಲ್ಲಮೆಲ್ಲನೆ ತಿಳಿಯುತ್ತದೆ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಅವರು ಕಾಯುತ್ತಿದ್ದಾರೆ. ನಿರೂಪಕನಿಗೆ ಎಷ್ಟು ತಿಳಿದಿದೆಯೋ ಓದುಗನಿಗೂ ಅಷ್ಟೇ ತಿಳಿದಿದೆ. ಹಿರಿಯರ ಮಾತುಗಳ ನಡುವಣ ಮೌನದಿಂದ ಸತ್ಯವನ್ನು ಊಹಿಸಿಕೊಳ್ಳುವ ಈ ಕೆಲಸವನ್ನು ಹದಿಮೂರು ವರ್ಷದ ಮಗು ತನ್ನ ಮನೆಯಲ್ಲಿ ದಿನವೂ ಮಾಡುತ್ತಿರುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪ್ರೌಢ ಓದುಗನು ಈ ಕಾದಂಬರಿಯನ್ನು ಗೋಪಾಲಯ್ಯನ ಕಡೆಯಿಂದ ಓದುತ್ತಾನೆ. ಎಳೆಯ ಓದುಗನಿಗೆ ಶಂಭುವಿನ ಕಡೆಯಿಂದ ಓದುವ ಅವಕಾಶವಿದೆ. ಚಿಗಳ್ಳಿಯಂಥ ಊರಿನಲ್ಲಿ ಕಲಿಯುವುದೆಂದರೆ ಕ್ರಮವಾಗಿ ಊರು ಬಿಡುವುದು. ಪ್ರೌಢಶಾಲೆ, ಕಾಲೇಜು, ಉದ್ಯೋಗ ಎಂದು ಪ್ರತಿಯೊಂದು ಮೆಟ್ಟಿಲೂ ಅವನನ್ನು ಮುಂಡಗೋಡದತ್ತ, ಶಿರಸಿಯತ್ತ, ಹುಬ್ಬಳ್ಳಿಯತ್ತ, ಅದರಾಚೆಗೆ ಒಯ್ಯುತ್ತದೆ. ಹೋಗುವವನಿಗೆ ಮನೆಯ ಜಗಲಿಯ ಮೇಲೆ ಉಳಿದವರ ಮಾತು ಕೇಳುವುದಿಲ್ಲ. ಕಾರಂತರ ಕಾದಂಬರಿ ಆ ಮಾತನ್ನು ಅವನಿಗೆ ಮುಂಚಿತವಾಗಿಯೇ ಕೇಳಿಸುತ್ತದೆ. ಹೋಗಬೇಡವೆಂದು ಅದು ವಿಧಿಸುವುದಿಲ್ಲ. ಹೋದುದನ್ನು ಪಾಪವೆಂದು ಎಣಿಸುವುದಿಲ್ಲ. ಕಾಡನ್ನು ಕಡಿದು ತೋಟ ಮಾಡಿದ ಮುದುಕನನ್ನು ಋಷಿಯನ್ನಾಗಿಯೂ ಮಾಡುವುದಿಲ್ಲ. ಹುಲಿಯ, ಆನೆಯ ಪ್ರಸಂಗಗಳು ಆಸಕ್ತಿಯನ್ನು ಕೊನೆಯವರೆಗೂ ಹಿಡಿದಿಡುತ್ತವೆ. ಸುಹೃತ್ಸಂಮಿತ ಎಂದು ನಾವು ಮೇಲೆ ಹೇಳಿದ ಗುಣಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

'ಚೋಮನ ದುಡಿ'ಯ (೧೯೩೩) ವಿಷಯದಲ್ಲಿ ಹೆಚ್ಚಿನ ವಿವೇಚನೆ ಅವಶ್ಯ. ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಜಾತಿಯ ಕಟ್ಟಳೆ, ಕಾಫಿತೋಟದ ಸಾಲ ಇವು ಹದಿಮೂರು ವರ್ಷದವರಿಗೆ ಅರ್ಥವಾಗದ ವಿಷಯಗಳಲ್ಲ. ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದವನೆಂಬ ಕಾರಣದಿಂದ ಯಾರ ಕೈಯೂ ಅವನನ್ನು ಎತ್ತುವುದಿಲ್ಲ. ಓದುವ ಮಗು ನೀಲನ ವಯಸ್ಸಿಗೆ ಹತ್ತಿರದ್ದು. ಅಸ್ಪೃಶ್ಯತೆಯನ್ನು ಕುರಿತು ಪಠ್ಯಪುಸ್ತಕದ ಹತ್ತು ಪಾಠಗಳು ಹೇಳಲಾರದುದನ್ನು ಆ ಪ್ರಕರಣ ಹೇಳುತ್ತದೆ. ಆದರೆ ಬೆಳ್ಳಿ ಮತ್ತು ಮನ್ವೇಲನ ಪ್ರಸಂಗ ಈ ವಯಸ್ಸಿನಲ್ಲಿ ತಾನೇ ಓದಿ ತೂಗಿ ನೋಡಬಹುದಾದುದಲ್ಲ. ಆದಕಾರಣ ಈ ಕೃತಿಯನ್ನು ಎಂಟನೆಯ ತರಗತಿಯ ಕೊನೆಗೆ, ಅಧ್ಯಾಪಕರು ಜೊತೆಗಿದ್ದು ಓದಿಸುವುದು ಯುಕ್ತ. ಪಟ್ಟಿಯಿಂದ ತೆಗೆದುಹಾಕುವುದು ಮಾತ್ರ ಯುಕ್ತವಲ್ಲ. ನೀಲನಂಥವರ ಮನೆಗಳಿಂದ ಬಂದ ಮಕ್ಕಳೂ ಆ ತರಗತಿಯಲ್ಲಿ ಕುಳಿತಿರುತ್ತಾರೆ. ತಮ್ಮ ಹಿರಿಯರ ಪಾಡನ್ನು ಸಾಹಿತ್ಯ ಗಂಭೀರವಾಗಿ ತೆಗೆದುಕೊಂಡಿದೆ ಎಂದು ಅವರಿಗೆ ತಿಳಿಯಬೇಕು.

ಹೆಣ್ಣುಮಕ್ಕಳ ಓದನ್ನು ನೆನೆದಾಗ ನಮ್ಮ ಪ್ರಸಿದ್ಧ ಕೃತಿಗಳಲ್ಲಿ ಕೊರತೆಯೊಂದು ಎದ್ದು ಕಾಣುತ್ತದೆ. ಬೆಳ್ಳಿಯನ್ನಾಗಲಿ ಶಂಕರಮ್ಮನನ್ನಾಗಲಿ ನಾವು ಹೊರಗಿನಿಂದ ನೋಡುತ್ತೇವೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಈ ಕೊರತೆಯನ್ನು ಒಂದಿಷ್ಟು ತುಂಬಬಲ್ಲುದು. ಓದುವ ಹುಡುಗಿಗಿಂತಲೂ ಚಿಕ್ಕ ವಯಸ್ಸಿನಲ್ಲಿ ವಿಧವೆಯಾದವಳೊಬ್ಬಳ ಇಡೀ ಬಾಳನ್ನು, ಮನೆಯ ಹಿರಿಯ ಹೆಂಗಸು ಕುಳಿತು ಹೇಳಿದಂತೆ, ಅಬ್ಬರವಿಲ್ಲದ ಮಾತಿನಲ್ಲಿ ಹೇಳುವ ಕಾದಂಬರಿ ಇದು. ಶೋಕವನ್ನು ಉಕ್ಕಿಸುವ ಪ್ರಯತ್ನ ಇಲ್ಲಿಲ್ಲ. ಲೋಕ ತನಗೆ ಕೊಡದ ಕರುಣೆಯನ್ನು ಫಣಿಯಮ್ಮ ಲೋಕಕ್ಕೆ ಕೊಡುತ್ತ ಹೋಗುವುದನ್ನು ಓದುಗರು ತಾವೇ ಕಂಡುಕೊಳ್ಳಬೇಕು.

೪

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (೧೯೮೦) ಇಂದು ಎಳೆಯರ ಕೈಯಲ್ಲಿ ಕಾಣುವ ಕಾದಂಬರಿ. ಅದರ ಜನಪ್ರಿಯತೆಯನ್ನು ಹಾಸ್ಯಕ್ಕೂ ಸಾಹಸಕ್ಕೂ ಕಟ್ಟಿಬಿಡುವುದು ಸರಿಯಲ್ಲ. ಊರವರ ಕಣ್ಣಿಗೆ ಅಪ್ರಯೋಜಕನಾದ ಮಂದಣ್ಣ ವಿಜ್ಞಾನಿಯಾದ ಕರ್ವಾಲೊರವರ ಕಣ್ಣಿಗೆ ಅಸಾಮಾನ್ಯ ನಿಸರ್ಗಜ್ಞ. ಕಲಿಕೆಯೆಂದರೆ ಅಂಕವೆಂದು ಬಗೆಯುವ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನಿಗೆ, ಕಾಡಿನ ಮರ ಹಕ್ಕಿಗಳನ್ನು ಹೆಸರು ಹಿಡಿದು ಬಲ್ಲ ಸಿದ್ದಿಯರ ಅಥವಾ ಗೌಳಿಗರ ಮನೆಯ ಹುಡುಗನಿಗೆ, ಮಂದಣ್ಣನ ಪಾತ್ರ ಏನು ಹೇಳುತ್ತದೆಂಬುದನ್ನು ಯೋಚಿಸಬೇಕು. ಅವನ ಬಲ್ಲವಿಕೆಯೂ ವಿದ್ಯೆಯೇ ಎಂದು ಹೇಳುವ ಕನ್ನಡ ಪುಸ್ತಕಗಳು ಹೆಚ್ಚಿಲ್ಲ.

ಚಿಗಳ್ಳಿಯ ಸಂಬಂಧದಲ್ಲಿ ಈ ಕಾದಂಬರಿಗೆ ಮತ್ತೊಂದು ಔಚಿತ್ಯವಿದೆ. ಎಣ್ಣೆಯಿಲ್ಲದೆ ಉರಿಯುವ ದೀಪಗಳೆಂಬ ಪ್ರತೀತಿಯಿಂದ ಆ ಊರು ಹೊರಗಿನವರಿಗೆ ಪರಿಚಿತವಾಯಿತು. ಕೌತುಕವನ್ನು ಕುರಿತ ಮಾತಿನ ನಡುವೆ ಬೆಳೆದ ಮಗುವಿಗೆ ಸಾಮಾನ್ಯವಾಗಿ ಎರಡೇ ದಾರಿಗಳನ್ನು ತೋರಿಸಲಾಗುತ್ತದೆ: ಕೈಮುಗಿಯುವುದು ಅಥವಾ ನಗುವುದು. 'ಕರ್ವಾಲೊ' ಮೂರನೆಯ ದಾರಿಯನ್ನು ತೋರಿಸುತ್ತದೆ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರು ಕೌತುಕವನ್ನು ಕಣ್ಣಾರೆ ನೋಡಲು, ಅಳೆಯಲು, ಚಿತ್ರ ತೆಗೆಯಲು ಸನ್ನದ್ಧರಾಗಿಯೇ ಹೋಗುತ್ತಾರೆ. ಕೊನೆಗೆ ಅದು ಅವರ ಕೈಗೆ ಸಿಕ್ಕದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ಅವರ ವಿಚಾರಬುದ್ಧಿ ಸೋತಿತೆಂದಾಗಲಿ ಕೌತುಕ ಬಯಲಾಯಿತೆಂದಾಗಲಿ ಹೇಳಲು ಬರುವುದಿಲ್ಲ. ಪರೀಕ್ಷಿಸುವ ಬುದ್ಧಿಯೂ ಬೆರಗಾಗುವ ಮನಸ್ಸೂ ಒಬ್ಬನಲ್ಲಿಯೇ ಇರಬಹುದೆಂಬುದನ್ನು ಕಥನವೇ ತೋರಿಸಿಕೊಡುತ್ತದೆ. ಕೃತಿಯಲ್ಲಿ ಬರುವ ಕಳ್ಳಭಟ್ಟಿಯ ಪ್ರಸಂಗವನ್ನೂ ಒರಟು ಮಾತುಗಳನ್ನೂ ಕುರಿತು ಆಕ್ಷೇಪ ಎತ್ತುವವರಿದ್ದಾರೆ. ಅವು ಮಕ್ಕಳು ಸಂತೆಯಲ್ಲಿ ಕೇಳುವ ಮಾತುಗಳಿಗಿಂತ ಒರಟಲ್ಲ. ಮಂದಣ್ಣನ ದೌರ್ಬಲ್ಯವನ್ನು ಕಾದಂಬರಿ ಕೊಂಡಾಡಿಯೂ ಇಲ್ಲ.

೫

ಇನ್ನು ಮಕ್ಕಳಿಗೆಂದೇ ರಚಿತವಾದ ಕಾದಂಬರಿಗಳ ವಿಚಾರ. ಕೇಂದ್ರ ಸಾಹಿತ್ಯ ಅಕಾಡೆಮಿ ೨೦೧೦ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಕನ್ನಡದಲ್ಲಿ ಮೊದಲನೆಯ ವರ್ಷ ಅದು ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯವರ ಬಾಳನ್ನು ಮಕ್ಕಳಿಗಾಗಿ ಹೇಳಿದ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೂ, ೨೦೧೧ರಲ್ಲಿ ನಾ. ಡಿಸೋಜಾ ಅವರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೂ ಸಂದಿತು. ೨೦೧೯ರಿಂದ ೨೦೨೩ರವರೆಗೆ ಐದು ವರ್ಷಗಳ ಕಾಲ ಅದು ಒಂದೇ ಸಮನೆ ಕಾದಂಬರಿಗಳಿಗೆ ಬಂದಿದೆ: ಚಂದ್ರಕಾಂತ ಕರದಳ್ಳಿ ಅವರ 'ಕಾಡು ಕನಸಿನ ಬೀದಿಗೆ', ಎಚ್. ಎಸ್. ಬ್ಯಾಕೋಡ ಅವರ 'ನಾನು ಅಂಬೇಡ್ಕರ್', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಮಕ್ಕಳ ಸಾಹಿತ್ಯದ ಗುರುತ್ವಕೇಂದ್ರ ಪದ್ಯದಿಂದಲೂ ಸಣ್ಣಕಥೆಯಿಂದಲೂ ಕಾದಂಬರಿಯತ್ತ ಸರಿದಿದೆ ಎಂಬುದಕ್ಕೆ ಇದು ಸೂಚನೆ. ಈ ಐವರಲ್ಲಿ ಲೇಖಕಿ ಒಬ್ಬರೇ ಎಂಬುದೂ ಗಮನಾರ್ಹ.

ಇವುಗಳಲ್ಲಿ ಡಿಸೋಜಾ ಅವರ ಕೃತಿ ನಮ್ಮ ವಾದಕ್ಕೆ ವಿಶೇಷವಾಗಿ ಸಂಬಂಧಿಸಿದೆ. ೨೦೨೫ರ ಜನವರಿಯಲ್ಲಿ ತೀರಿಕೊಂಡ ಈ ಲೇಖಕರು ಶರಾವತಿಯ ಮುಳುಗಡೆಯ ಪ್ರದೇಶವನ್ನು ಹತ್ತಿರದಿಂದ ಕಂಡವರು. ಲಿಂಗನಮಕ್ಕಿ ಅಣೆಕಟ್ಟು ಮುಗಿದುದು ೧೯೬೪ರಲ್ಲಿ. ಆ ಅನುಭವದಿಂದ ಹಿರಿಯರಿಗಾಗಿ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಕೊಟ್ಟವರು ಅದೇ ವಸ್ತುವನ್ನು ಮಕ್ಕಳ ಮುಂದೆಯೂ ಇಟ್ಟರು. ವಸ್ತುವಿನ ಭಾರವನ್ನು ಮಕ್ಕಳಿಗೆಂದು ಕಡಿಮೆ ಮಾಡಬೇಕಾಗಿಲ್ಲ, ನೋಡುವ ನೆಲೆಯನ್ನು ಬದಲಿಸಿದರೆ ಸಾಕು ಎಂಬುದು ಇದರಿಂದ ಸಿದ್ಧವಾಗುತ್ತದೆ. ಮುಳುಗಡೆಯ ಕಥೆ ಎಂದರೆ ಸಾಮಾನ್ಯವಾಗಿ ಹೋದವರ ಕಥೆ. ಇಲ್ಲಿ ಶೀರ್ಷಿಕೆಯೇ ಬಂದವರನ್ನು ಹೇಳುತ್ತದೆ. ಮಗು ಹಿರಿಯರ ನಷ್ಟವನ್ನು ಸಂಧಿಸುವುದು ಹೀಗೆಯೇ. ನಡೆದುಹೋದ ಮೇಲೆ ಅದು ಬಂದು ಏನಾಯಿತೆಂದು ಕೇಳುತ್ತದೆ.

ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಸೀಮೆಯ ಮಗುವಿಗೆ ಇದು ದೂರದ ಸಂಗತಿಯಲ್ಲ. ಕಾಳಿ ನದಿಗೆ ಕಟ್ಟಿ ೧೯೮೭ರಲ್ಲಿ ಮುಗಿಸಿದ ಸೂಪಾ ಅಣೆಕಟ್ಟಿನಲ್ಲಿ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರೇ ನೀರಿನ ಪಾಲಾಯಿತು. ತಾಲ್ಲೂಕಿನ ಕೇಂದ್ರ ಜೋಯಿಡಾ ಆಯಿತು. ಒಂದು ಕಡೆ ಊರು ಕಳೆದುಕೊಂಡವರು, ಇನ್ನೊಂದು ಕಡೆ ದೇಶವನ್ನೇ ಕಳೆದುಕೊಂಡು ಬಂದು ನೆಲೆಸಿದ ಟಿಬೇಟಿನವರು, ಇವರ ಮಕ್ಕಳು ಒಂದೇ ಪುಸ್ತಕವನ್ನು ಓದಿ ಮಾತನಾಡುವಂತಾದರೆ ಅದು ಸಾಹಿತ್ಯದ ಸಣ್ಣ ಕೆಲಸವಲ್ಲ. ಸೂಪಾದ ಕಥೆಯನ್ನು ಹೇಳುವ ಮಕ್ಕಳ ಕಾದಂಬರಿಯನ್ನು ಈ ಸೀಮೆಯ ಬರಹಗಾರರಿಂದ ನಿರೀಕ್ಷಿಸುವುದೂ ತಪ್ಪಲ್ಲ. ತಮ್ಮಣ್ಣ ಬೀಗಾರರು ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದು ಬರೆದವರು. ಮಕ್ಕಳನ್ನು ಪ್ರತಿದಿನ ಕಾಣುವವನ ಬರಹಕ್ಕೆ ಬೇರೆಯೇ ಒಂದು ಬಲವಿರುತ್ತದೆ. ಪಂಜೆಯವರಿಂದ ಇಲ್ಲಿಯವರೆಗೆ ಈ ಸಾಹಿತ್ಯ ಹೆಚ್ಚಾಗಿ ಉಪಾಧ್ಯಾಯರ ಕೈಯಲ್ಲಿಯೇ ಬೆಳೆದುಬಂದಿದೆ.

'ಓಡಿ ಹೋದ ಹುಡುಗ' ಎಂಬ ಹೆಸರನ್ನು 'ಬೆಟ್ಟದ ಜೀವ'ದ ಪಕ್ಕದಲ್ಲಿಟ್ಟು ನೋಡಿದರೆ ಕಾದಂಬರಿಯ ದೃಷ್ಟಿ ಎಷ್ಟು ತಿರುಗಿದೆ ಎಂಬುದು ವ್ಯಕ್ತವಾಗುತ್ತದೆ. ೧೯೪೩ರಲ್ಲಿ ಮನೆ ಬಿಟ್ಟುಹೋದ ಮಗ ಕಥೆಯ ಹೊರಗಿದ್ದನು. ಎಂಬತ್ತು ವರ್ಷಗಳ ಒಳಗೆ ಅವನು ಕಥೆಯ ಹೆಸರಾಗಿದ್ದಾನೆ. ಇವೆರಡನ್ನೂ ಒಂದರ ನಂತರ ಒಂದರಂತೆ ಓದಿದ ವಿದ್ಯಾರ್ಥಿಗೆ ಒಂದೇ ಸಂಗತಿಯ ಎರಡು ಮುಖಗಳು ತಿಳಿಯುತ್ತವೆ. ಪಟ್ಟಿಯನ್ನು ಮಾಡುವವರು ಬಿಡಿಬಿಡಿ ಪುಸ್ತಕಗಳ ಜೊತೆಗೆ ಇಂಥ ಜೋಡಿಗಳನ್ನೂ ಗಮನಿಸಬೇಕು.

ಜೀವನಚರಿತ್ರೆಯನ್ನು ಆಧರಿಸಿದ ಕಥನಗಳಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಹಾಪುರುಷರನ್ನು ಕುರಿತ ಪುಸ್ತಕ ಪ್ರಭುಸಂಮಿತದ ಕಡೆಗೆ ಜಾರುವುದು ಅತಿ ಸುಲಭ. ನಾಯಕನು ಹುಟ್ಟಿನಿಂದಲೇ ಮಹಾಪುರುಷನಾದರೆ ಮಗುವಿಗೆ ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. ನಮಸ್ಕರಿಸಿ ಮುಂದೆ ಹೋಗಬಹುದಷ್ಟೆ. ಪಾಪುವಾಗಿದ್ದವನು ಬಾಪುವಾದನೆಂಬ ಕಟ್ಟಿನಲ್ಲಿ ಆಗುವಿಕೆಯ ಕಥೆ ಇದೆ. ಆದುದರಿಂದ ಅದು ಕಥನವಾಗಿ ನಿಲ್ಲುತ್ತದೆ.

೬

ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕಾಗಿದೆ. ಹಿರಿಯರ ಕಾದಂಬರಿಗಳನ್ನು ಮಕ್ಕಳಿಗೆ ಸಂಗ್ರಹಿಸಿ ಕೊಟ್ಟರಾಗದೇ ಎಂಬುದು ಮೊದಲನೆಯದು. ಆಗಬಹುದು, ಆದರೆ ಸಂಗ್ರಹ ಮಾಡುವವನು ಕಲಾವಿದನಾಗಿರಬೇಕು. ಬಂಗಾಳಿಯಲ್ಲಿ ವಿಭೂತಿಭೂಷಣರ 'ಪಥೇರ್ ಪಾಂಚಾಲಿ'ಯ ಬಾಲಸಂಗ್ರಹ ೧೯೪೪ರಲ್ಲಿ ಬಂದಾಗ ಅದಕ್ಕೆ ಚಿತ್ರ ಬರೆದವರು ಸತ್ಯಜಿತ್ ರಾಯ್. ೧೯೫೫ರ ಅವರ ಚಲನಚಿತ್ರದ ಬೀಜ ಅಲ್ಲಿಯೇ ಬಿದ್ದಿತು. ಆ ಕೃತಿಯ ತಿರುಳೇ ಅಪು ದುರ್ಗೆಯರ ಬಾಲ್ಯವಾದುದರಿಂದ ಸಂಗ್ರಹ ಸಹಜವಾಯಿತು. 'ಚೋಮನ ದುಡಿ'ಯಿಂದ ಕಷ್ಟವಾದ ಭಾಗಗಳನ್ನು ತೆಗೆದರೆ ಉಳಿಯುವುದು ದುಡಿ ಬಾರಿಸುವ ಒಬ್ಬ ಮುದುಕನ ಚಿತ್ರ ಮಾತ್ರ. ಸಂಗ್ರಹಕ್ಕಿಂತ ಒಂದು ವರ್ಷ ಕಾಯುವುದು ಮೇಲು.

ಎರಡನೆಯದು ಭಾಷೆಯನ್ನು ಕುರಿತದ್ದು. ದಕ್ಷಿಣ ಕನ್ನಡದ, ಮೂಡಿಗೆರೆಯ, ತೀರ್ಥಹಳ್ಳಿಯ ಕನ್ನಡ ಮುಂಡಗೋಡದ ಮಗುವಿಗೆ ತಿಳಿಯುವುದೆ? ಮನೆಯಲ್ಲಿ ಲಂಬಾಣಿಯನ್ನೋ ಮರಾಠಿಯನ್ನೋ ಆಡುವ ಮಗುವಿಗೆ ಪಠ್ಯಪುಸ್ತಕದ ಕನ್ನಡವೇ ಒಂದು ಏರು. ಈ ತೊಡಕು ನಿಜವಾದುದು. ಇದಕ್ಕೆ ಪರಿಹಾರ ನಮ್ಮ ಪರಂಪರೆಯಲ್ಲಿಯೇ ಇದೆ. ಕುಮಾರವ್ಯಾಸನನ್ನು ಓದಲಾರದವರೂ ವಾಚನದ ಮೂಲಕ ಬಲ್ಲವರಾಗಿದ್ದರು. ವಾರಕ್ಕೊಂದು ಅಧ್ಯಾಯವನ್ನು ಅಧ್ಯಾಪಕರು ಗಟ್ಟಿಯಾಗಿ ಓದಿ ಹೇಳಿದರೆ ಅಪರಿಚಿತ ಪದಗಳು ಸಂದರ್ಭದಿಂದಲೂ ಧ್ವನಿಯಿಂದಲೂ ತಿಳಿಯುತ್ತವೆ. ನಡುವೆ ಪ್ರಶ್ನೆ ಕೇಳಿ ಪರೀಕ್ಷಿಸಹೋಗದಿರುವುದು ಒಳ್ಳೆಯದು. ಕಾದಂಬರಿಯ ಕೊನೆಗೆ ಅಭ್ಯಾಸದ ಪ್ರಶ್ನೆಗಳನ್ನು ಸೇರಿಸುವ ಪದ್ಧತಿ ಸುಹೃತ್ತನ್ನು ಮತ್ತೆ ಪ್ರಭುವನ್ನಾಗಿ ಮಾಡುತ್ತದೆ.

ಈ ವಿವೇಚನೆಯ ಫಲವಾಗಿ ಒಂದು ಕ್ರಮವನ್ನು ಸೂಚಿಸಬಹುದು. ಆರನೆಯ ತರಗತಿಗೆ 'ಕೋಟಿ ಚೆನ್ನಯ', 'ಬಾವಲಿ ಗುಹೆ', 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'. ಏಳನೆಯದಕ್ಕೆ 'ಮುಳುಗಡೆಯ ಊರಿಗೆ ಬಂದವರು', 'ಸೂರಕ್ಕಿ ಗೇಟ್', 'ಓಡಿ ಹೋದ ಹುಡುಗ', ವರ್ಷದ ಕೊನೆಗೆ 'ಕರ್ವಾಲೊ'. ಎಂಟನೆಯದಕ್ಕೆ 'ಬೆಟ್ಟದ ಜೀವ', 'ಫಣಿಯಮ್ಮ', ಅಧ್ಯಾಪಕರ ಸಹವಾಸದಲ್ಲಿ 'ಚೋಮನ ದುಡಿ'. ಮೂರು ವರ್ಷಗಳಿಗೆ ಹತ್ತು ಪುಸ್ತಕಗಳು. ಊರಿನ ಗ್ರಂಥಾಲಯದ ಕಪಾಟಿನಲ್ಲಿ ಇವು ಒಂದು ಮೊಳ ಜಾಗವನ್ನೂ ಬೇಡವು.

ಈ ಪಟ್ಟಿಯನ್ನು ಒಪ್ಪದವರು ಇದ್ದೇ ಇರುತ್ತಾರೆ, ಇರಬೇಕು. ಕನ್ನಡದಲ್ಲಿ ಮಕ್ಕಳ ಕಾದಂಬರಿ ಬೆಳೆದಷ್ಟು ಅದರ ವಿಮರ್ಶೆ ಬೆಳೆದಿಲ್ಲ. ಪ್ರಶಸ್ತಿಯ ಸುದ್ದಿಯಾದ ಮೇಲೆ ಕೃತಿಯನ್ನು ಎತ್ತಿ ನೋಡಿ ಗುಣದೋಷಗಳನ್ನು ಹೇಳುವ ಲೇಖನಗಳು ಅಪರೂಪ. ಸ್ನಾತಕೋತ್ತರ ತರಗತಿಗಳಲ್ಲಿ ಕಾದಂಬರಿಯನ್ನು ಕಲಿಸುವ ನಾವು ಆ ತರಗತಿಗೆ ಬರುವ ಮೊದಲೇ ಓದುವುದನ್ನು ಬಿಟ್ಟವರ ಬಗ್ಗೆ ಯೋಚಿಸಿದ್ದು ಕಡಿಮೆ. ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗವೂ ತನ್ನ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳೊಡನೆ ಈ ಹತ್ತರಲ್ಲಿ ಎರಡು ಕಾದಂಬರಿಗಳನ್ನಾದರೂ ಒಂದು ವರ್ಷ ಓದಿ, ಎಲ್ಲಿ ಅವರು ಕಿವಿಗೊಟ್ಟರು, ಎಲ್ಲಿ ಬೇಸತ್ತರು, ಏನನ್ನು ಕೇಳಿದರು ಎಂಬುದನ್ನು ಬರೆದಿಟ್ಟರೆ ಮುಂದಿನ ಪಟ್ಟಿ ಇದಕ್ಕಿಂತ ಭದ್ರವಾದ ತಳಹದಿಯ ಮೇಲೆ ನಿಂತೀತು. ಆ ಕಾರ್ಯಕ್ಕೆ ವಿದ್ಯಾರ್ಥಿಗಳೂ ಅಧ್ಯಾಪಕಮಿತ್ರರೂ ಮುಂದಾಗುವರೆಂದು ಆಶಿಸುತ್ತೇವೆ.